ಐದನೆಯ ಗುಂಡಿ

ಆಗಷ್ಟೇ ಜೆರಾಕ್ಸ್ ಯಂತ್ರದಿಂದ ಹೊರಬಂದ ಹಾಳೆಗೆ ಒಂದು ವಾಸನೆ ಇರುತ್ತದೆ. ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ, ಅದರ ಹಿಂದೆ ಏನೋ ಸುಟ್ಟಂಥ ಸಣ್ಣ ಕಮಟು. ಪಕ್ಕದಲ್ಲಿ ಯಾರಾದರೂ ಕಪ್ಪು ಶಾಯಿಯ ಬಾಟಲಿಯ ಮುಚ್ಚಳ ತೆಗೆದಿಟ್ಟಿದ್ದರೆ ಕರ್ಪೂರದಂಥ ಒಂದು ಘಾಟೂ ಮೂಗಿಗೆ ಬಡಿಯುತ್ತದೆ. ಇವೆರಡೂ ಒಟ್ಟಿಗೆ ಸಿಗುವ ಜಾಗ ಈ ಪುಣೆಯಲ್ಲಿ ಇನ್ನು ಉಳಿದಿಲ್ಲ ಎಂದುಕೊಂಡಿದ್ದೆ. ಕಳೆದ ಭಾನುವಾರ, ತಮ್ಮ ಕಾಮಿಕ್ಸ್ ತಾವೇ ಬರೆದು, ತಾವೇ ಹೊಲಿದು, ತಾವೇ ಮಾರುವವರ ಸಂತೆಯೊಂದಕ್ಕೆ ಹೋದಾಗ ಸಭಾಗೃಹದ ಬಾಗಿಲಲ್ಲೇ ಆ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ನೀಲಿ ಕೂದಲಿನ ಹುಡುಗಿಯೊಬ್ಬಳು ಬಂದು ಒಂದು ಸ್ಟಿಕ್ಕರ್ ಕೊಟ್ಟು, ಫ್ರೀ ಎಂದಳು. ನಾನು ಅದನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದೆ. ನನ್ನ ಸ್ವಭಾವವೇ ಹಾಗೆ. ಮಗರಪಟ್ಟಾದ ಕಚೇರಿಯೊಂದರಲ್ಲಿ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ, ರಜೆಯ ದಿನವೂ ಅದನ್ನೇ ಮಾಡುತ್ತಿರುತ್ತೇನೆ. ಅಂದು ನಾನು ಹೋದದ್ದು ಕಾಮಿಕ್ಸ್ ಕೊಳ್ಳಲಿಕ್ಕಲ್ಲ. ನನ್ನ ಚೀಲದಲ್ಲಿ ಹಳೆಯ ಜೆರಾಕ್ಸ್ ಹಾಳೆಯೊಂದಿತ್ತು. ಆ ಸಂತೆಯ ಯಾವುದೋ ಮೇಜಿನ ಹಿಂದೆ ಕುಳಿತ ಒಬ್ಬ ಹೆಂಗಸಿಗೆ ನಾನು ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಹೇಳಬೇಕಾಗಿದ್ದ ವಾಕ್ಯ ಅದು.

ಆಗ ನಾವಿದ್ದದ್ದು ಪೇಠೆಯ ಹಳೆಯ ವಾಡೆಯೊಂದರ ಮಹಡಿಯ ಎರಡು ಕೋಣೆಗಳಲ್ಲಿ. ಅಪ್ಪ, ಅವ್ವ, ನಾನು, ಮತ್ತೆ ಅವ್ವನ ತಮ್ಮ ರಘು ಮಾಮಾ. ಮಾಮಾ ಭೋಸರಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಬಿಡಿಭಾಗದ ನಕ್ಷೆ ಬರೆಯುತ್ತಿದ್ದ, ಬೇರೆಯವರು ಬರೆದದ್ದನ್ನು ತಿದ್ದುತ್ತಿದ್ದ. ತಪ್ಪು ಕಂಡಲ್ಲಿ ಕೆಂಪು ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕುವುದು ಅವನ ರೂಢಿ. ಅವ್ವನ ಕಿರಾಣಿ ಚೀಟಿಯಲ್ಲಿ ಬೇಳೆ ಎರಡು ಸಲ ಬಂದಿದ್ದರೆ ಅದಕ್ಕೂ ಸುತ್ತು ಬೀಳುತ್ತಿತ್ತು. ವಾರವಿಡೀ ನಟ್ಟು ಬೋಲ್ಟು ಬರೆದ ಆ ಕೈ ಭಾನುವಾರ ಒಬ್ಬ ಮುದುಕಿಯನ್ನು ಬರೆಯುತ್ತಿತ್ತು. ಅವಳ ಹೆಸರು ಅಂಬೂ ಕಾಕೂ. ಒಂಬತ್ತು ಗಜದ ಸೀರೆ, ಅದರ ಮೇಲೆ ತೀರಿಹೋದ ಗಂಡನ ಸ್ವೆಟರು, ಸ್ವೆಟರಿಗೆ ಐದು ದಪ್ಪ ಗುಂಡಿ. ವಾಡೆಯ ಮೆಟ್ಟಿಲ ಮೇಲೆ ಕೋಲೂರಿ ನಿಂತು ಹಾಲಿನವನನ್ನು, ಅಂಚೆಯವನನ್ನು, ಸ್ವಂತ ಅಳಿಯನನ್ನೂ ಅನುಮಾನಿಸುವುದು ಅವಳ ಕಸುಬು. ಅವಳ ಅನುಮಾನ ಒಂದು ಸಲವೂ ಸುಳ್ಳಾಗುತ್ತಿರಲಿಲ್ಲ. ಕಾಮಿಕ್ಸಿನಲ್ಲಿ ಹಾಗೆ ನಡೆಯುತ್ತದೆ ನೋಡಿ.

ಮಾಮಾ ಪೆನ್ಸಿಲ್ಲಿನಲ್ಲಿ ಬರೆದದ್ದರ ಮೇಲೆ ಶಾಯಿ ಎಳೆಯುತ್ತಿದ್ದವಳು ಉಷಾ ಮೌಶಿ. ಸಂಬಂಧಿಕಳಲ್ಲ, ಊರ ರೂಢಿಯಂತೆ ನಾನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಎರಡು ಗಲ್ಲಿ ಆಚೆ ಅವಳ ಮನೆ, ಮನೆಮಾತು ನಮ್ಮದೇ ಕನ್ನಡ, ಶಾಲೆಯೊಂದರಲ್ಲಿ ಚಿತ್ರಕಲೆಯ ಟೀಚರು. ಬೆಳಗಿನ ಬಿಸಿಲಿಗೆ ಮೂಡಣ ಕಿಟಕಿಯ ಗಾಜಿನ ಮೇಲೆ ಎರಡು ಹಾಳೆ ಒತ್ತಿ ಹಿಡಿದು, ಒಂದರ ಗೆರೆಯನ್ನು ಇನ್ನೊಂದಕ್ಕೆ ಇಳಿಸುತ್ತಿದ್ದಳು. ಆ ಹೊತ್ತು ಅವಳ ಬೆನ್ನು ನೋಡುತ್ತ ಮಾಮಾ ಚಹಾ ಆರಿಸಿಕೊಳ್ಳುತ್ತಿದ್ದ. ಮಾತುಗಳನ್ನು ಬಲೂನಿನೊಳಗೆ ಬರೆಯುವವನು ಸುಧಾಕರಣ್ಣ. ಕುಂದಾಪುರದ ಕಡೆಯವನು, ತನ್ನ ಮಾವನ ಹೋಟೆಲಿನಲ್ಲಿ ಹಣದ ಗಲ್ಲೆಯ ಮೇಲೆ ಕೂರುತ್ತಿದ್ದ. ಹೋಟೆಲಿನ ಫಲಕದ ಮೇಲೆ ಅವನು ‘ಇಡ್ಲಿ ಸಂಪಲಿ’ ಎಂದು ಬರೆದರೆ ಇಡ್ಲಿ ಮುಗಿದದ್ದಕ್ಕೆ ಗಿರಾಕಿಗೆ ಬೇಸರವಾಗಬಾರದು, ಅಷ್ಟು ಚಂದದ ಅಕ್ಷರ. “ಎಂತ ರಘು, ಈ ಮುದುಕಿಗೆ ಮಾತು ಜಾಸ್ತಿ ಆಯ್ತು ಮಾರಾಯ, ಬಲೂನಲ್ಲಿ ಹಿಡಿಯೂದಿಲ್ಲ” ಎಂದು ಪ್ರತಿ ಭಾನುವಾರ ತಕರಾರು. ಪುಸ್ತಕ ಮರಾಠಿಯದು, ಜಗಳವೆಲ್ಲ ಕನ್ನಡದ್ದು. ನನಗೂ ಕೆಲಸವಿತ್ತು. ಎಲ್ಲಿ ಪೂರ್ತಿ ಕಪ್ಪು ಬೇಕೋ ಅಲ್ಲಿ ಉಷಾ ಮೌಶಿ ಪೆನ್ಸಿಲ್ಲಿನಿಂದ ಸಣ್ಣ ಗುಣಾಕಾರದ ಗುರುತು ಹಾಕುತ್ತಿದ್ದಳು, ಆ ಗುರುತನ್ನು ಕುಂಚದಿಂದ ತುಂಬುವವಳು ನಾನು. ಬಾಗಿಲ ಹಿಂದಿನ ಕತ್ತಲೆ, ಕಳ್ಳನ ಕೂದಲು, ಕಾಕೂನ ಐದು ಗುಂಡಿ, ಎಲ್ಲ ನನ್ನ ಕೈಯವು. ಸೋಮವಾರ ಶಾಲೆಯಲ್ಲಿ ಉಗುರಿನ ಕಪ್ಪಿಗೆ ಬೈಸಿಕೊಳ್ಳುವುದು ನನಗೆ ಹೆಮ್ಮೆಯ ವಿಷಯವಾಗಿತ್ತು. ಒಳಗೆ ಅವ್ವ ಶೇಂಗಾ ಹುರಿಯುತ್ತಿದ್ದಳು. ಅವಳ ಟ್ರಂಕಿನಲ್ಲಿ ಒಂದು ಇಲಕಲ್ ಸೀರೆ ಮಡಿಕೆ ಬಿಚ್ಚದೆ ಕೂತಿತ್ತು. ಯಾರಿಗೆ ಎಂದು ಕೇಳಿದರೆ “ಬರೋರಿಗೆ” ಎಂದು ಉಷಾ ಮೌಶಿಯ ಕಡೆ ನೋಡಿ ನಗುತ್ತಿದ್ದಳು.

ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ಹೇಗೆ ಕೆಟ್ಟಿತು ಎಂದು ಇವತ್ತಿಗೂ ಲೆಕ್ಕ ಹಾಕುವಂಥದು. ನಮ್ಮದು ಕೆಟ್ಟದ್ದು ಹೀಗೆ. ಒಂದು ಸಂಜೆ ಮಾಮಾ ಬೇರೊಂದು ಗುಂಪಿನವರ ಕಾಮಿಕ್ಸ್ ಹಿಡಿದು ಬಂದ. ಉಪ್ಪಿನಕಾಯಿ ಭರಣಿಯಲ್ಲಿ ಬಂಗಾರ ಬಚ್ಚಿಡುವ ಕಳ್ಳನ ಕತೆ ಅದರಲ್ಲಿತ್ತು. ನಮ್ಮ ಅಂಬೂ ಕಾಕೂ ಅದೇ ಭರಣಿಯಲ್ಲಿ ಅದೇ ಬಂಗಾರ ಹುಡುಕುವ ಕತೆ ಇನ್ನೂ ಮೇಜಿನ ಮೇಲೆ ಅರ್ಧಕ್ಕೆ ನಿಂತಿತ್ತು. ಅಂದಿನಿಂದ ಮನೆಯ ಗಾಳಿಯೇ ಬದಲಾಯಿತು. ಸುಧಾಕರಣ್ಣ ಒಳಗೆ ಬಂದರೆ ಮಾಮಾ ಹಾಳೆಗಳನ್ನು ಕವಿಚಿ ಇಡುತ್ತಿದ್ದ. ಉಷಾ ಮೌಶಿ ಚೀಲ ಎತ್ತಿಕೊಂಡರೆ ಅವನ ಕಣ್ಣು ಚೀಲದ ಬಾಯಿಗೆ ಹೋಗುತ್ತಿತ್ತು. ನಾನೂ ಕಲಿತೆ. ಚಹಾದ ಬಟ್ಟಲು ಒಯ್ಯುವ ನೆಪದಲ್ಲಿ ಯಾರು ಯಾರೊಂದಿಗೆ ಪಿಸುಗುಟ್ಟಿದರು ಎಂದು ನೋಡಿ ಮಾಮಾನಿಗೆ ಹೇಳುತ್ತಿದ್ದೆ. ಅವನು ನನ್ನ ತಲೆ ಸವರುತ್ತಿದ್ದ. ಹಾಳಾದ್ದು, ಆ ಸವರುವಿಕೆ ನನಗೆ ಭಾಳ ಹಿತವಾಗಿತ್ತು.

ಮುಂದಿನ ಕತೆಯ ಪೆನ್ಸಿಲ್ ಕೆಲಸ ಮುಗಿದ ಶನಿವಾರ ಮಾಮಾ ನನ್ನನ್ನೂ ಕರೆದುಕೊಂಡು ಜೆರಾಕ್ಸ್ ಅಂಗಡಿಗೆ ಹೋದ. ಪ್ರತಿ ಸಲವೂ ಉಷಾ ಮೌಶಿಗೊಂದು, ಸುಧಾಕರಣ್ಣನಿಗೊಂದು ಪ್ರತಿ ಕೊಡುವುದು ಪದ್ಧತಿ. ಎಲ್ಲಿ ಕಪ್ಪು, ಎಲ್ಲಿ ಬಲೂನು ಎಂದು ಅವರು ಮನೆಯಲ್ಲಿ ಗುರುತು ಹಾಕಿ ತಂದುಕೊಡುತ್ತಿದ್ದರು. ಮೆಟ್ಟಿಲ ಮೇಲೆ ಕಾಕೂ ನಿಂತ ಹಾಳೆ ಮೊದಲ ಸಲ ಸೊಟ್ಟಗೆ ಬಂತು, ಅಂಗಡಿಯವನು ಅದನ್ನು ಕಾಲಬುಡದ ಬುಟ್ಟಿಗೆ ಎಸೆದು ಇನ್ನೊಂದು ತೆಗೆದ. ಅದು ಉಷಾ ಮೌಶಿಯ ಪ್ರತಿ. ಆಮೇಲೆ ಮಾಮಾ ಕಿಸೆಯಿಂದ ವೈಟನರ್ ತೆಗೆದು ಮೂಲ ಚಿತ್ರದ ಮೇಲೆ ಏನೋ ಹಚ್ಚಿ, ಊದಿ ಒಣಗಿಸಿ, ಸುಧಾಕರಣ್ಣನ ಪ್ರತಿ ತೆಗೆಸಿದ. ಏನು ಹಚ್ಚಿದ ಎಂದು ನಾನು ನೋಡಲಿಲ್ಲ. ಮನೆಗೆ ಬಂದು ಅವನು ಸ್ನಾನಕ್ಕೆ ಹೋದಾಗ ಎರಡೂ ಪ್ರತಿ ಮೇಜಿನ ಮೇಲಿದ್ದವು. ಸುಧಾಕರಣ್ಣನದರಲ್ಲಿ ಕಾಕೂನ ಸ್ವೆಟರಿಗೆ ನಾಲ್ಕೇ ಗುಂಡಿ. ಮಾಮಾ ಮರೆತಿದ್ದಾನೆ ಎಂದುಕೊಂಡೆ. ಗುಂಡಿ ನನ್ನ ಖಾತೆಯದು, ಬಿಡಲಿಕ್ಕಾದೀತೆ? ಕುಂಚ ಅದ್ದಿ ಐದನೆಯದನ್ನು ಬರೆದೆ, ಊದಿ ಒಣಗಿಸಿದೆ, ಯಾರಿಗೂ ಹೇಳಲಿಲ್ಲ. ತಪ್ಪು ತಿದ್ದಿದವಳು ನಾನು ಎಂದು ಒಳಗೊಳಗೇ ಬೀಗಿದೆ. ಮುಂದಿನ ಭಾನುವಾರ ಸುಧಾಕರಣ್ಣ ಗುರುತು ಹಾಕಿ ತಂದುಕೊಟ್ಟ ಪ್ರತಿಯನ್ನು ಮಾಮಾ ಬಿಚ್ಚಿಯೂ ನೋಡದೆ ಫೈಲಿಗೆ ಹಾಕಿದ.

ಒಂದು ತಿಂಗಳ ಮೇಲೆ, ಭಾನುವಾರ ಮಧ್ಯಾಹ್ನ, ಎಲ್ಲರೂ ಮೇಜಿನ ಸುತ್ತ ಕೂತಿದ್ದಾಗ ಮಾಮಾ ಆ ಗುಂಪಿನವರ ಹೊಸ ಪುಸ್ತಕ ತೆಗೆದು ಬಿಚ್ಚಿಟ್ಟ. ಅದರಲ್ಲೊಬ್ಬ ಮುದುಕಿ ಮೆಟ್ಟಿಲ ಮೇಲೆ ಕೋಲೂರಿ ನಿಂತಿದ್ದಳು. ಹೆಸರು ಬೇರೆ, ಕನ್ನಡಕ ಹೊಸದು, ಉಳಿದದ್ದೆಲ್ಲ ನಮ್ಮ ಕಾಕೂನ ಗೆರೆಯ ಮೇಲೆಯೇ ಗೆರೆ ಎಳೆದದ್ದು.

“ಉಷಾ, ನಿಮ್ಮ ಕಾಪಿಯೊಳಗ ಐದು ಗುಂಡಿ ಬಿಟ್ಟಿದ್ದೆ” ಎಂದ ಮಾಮಾ. ಅವನ ದನಿ ಕಾರ್ಖಾನೆಯದಾಗಿತ್ತು. “ಸುಧಾಕರನ ಕಾಪಿಯೊಳಗ ಒಂದು ಅಳಿಸಿ ನಾಲ್ಕ ಮಾಡಿದ್ದೆ. ಇದರಾಗ ಎಷ್ಟದಾವ, ನೀವ ಎಣಿಸ್ರಿ.”

ಪುಸ್ತಕದ ಮುದುಕಿಯ ಸ್ವೆಟರಿಗೆ ಐದು ಗುಂಡಿ ಇದ್ದವು. ಸುಧಾಕರಣ್ಣ “ಎಂತದು ರಘು ಇದು, ಬಿಡು ಮಾರಾಯ” ಎಂದು ನೆಲ ನೋಡಿದ. ಉಷಾ ಮೌಶಿ ಪುಸ್ತಕವನ್ನು ಮುಟ್ಟಲಿಲ್ಲ. “ಸುಧಾಕರ ಅವರದು ತೋರಸ್ರಿ” ಎಂದಳು. ಮಾಮಾ ಅವಳ ಮುಖದಿಂದ ಕಣ್ಣು ಕೀಳದೆ ಫೈಲಿನಿಂದ ಹಾಳೆ ತೆಗೆದು ಕೊಟ್ಟ. ಅವಳು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಜೆರಾಕ್ಸಿನ ಕಪ್ಪು ಬೂದುಬೂದಾಗಿರುತ್ತದೆ, ಶಾಯಿಯ ಕಪ್ಪು ಬೆಳಕಿಗೆ ಮಿಂಚುತ್ತದೆ. ಹಾಳೆ ನೋಡಿದಳು, ನನ್ನ ಉಗುರು ನೋಡಿದಳು, ಆಮೇಲೆ ಹಾಳೆಯನ್ನು ತಾನೇ ಫೈಲಿಗೆ ಸೇರಿಸಿ ದಾರ ಕಟ್ಟಿದಳು. “ಹೌದ್ರಿ, ಸುಧಾಕರ ಅವರದರಾಗ ನಾಲ್ಕ ಅದಾವ” ಎಂದಳು. ಕುಂಚಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಒಳಗಿನಿಂದ ಅವ್ವ ಬಂದು “ಊಟ ಮಾಡಿ ಹೋಗ ಉಷಾ” ಎಂದಳು. ಅವಳು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದಳು. ಆ ಹಾಳೆಯಲ್ಲಿರುವುದು ಐದು ಎಂದು ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರೇ. ಒಬ್ಬಳು ಹೋದಳು, ಇನ್ನೊಬ್ಬಳು ಕುಂಚ ಹಿಡಿದು ಸುಮ್ಮನೆ ಕೂತಿದ್ದಳು. ಹೇಳಿದರೆ ಕುಂಚ ಕಸಿದುಕೊಳ್ಳುತ್ತಾರೆ ಎಂಬ ಹೆದರಿಕೆ ನನಗೆ. ಆ ಭಾನುವಾರದ ನಂತರ ಯಾರೂ ಬರಲಿಲ್ಲ, ಕುಂಚ ಯಾರಿಗೂ ಬೇಕಾಗಲೂ ಇಲ್ಲ.

ಮಾಮಾ ಮತ್ತೆ ಮುದುಕಿಯನ್ನು ಬರೆಯಲಿಲ್ಲ. ಮದುವೆಯ ಮಾತು ತೆಗೆದರೆ ಎದ್ದು ಹೋಗುತ್ತಿದ್ದ. ಇಲಕಲ್ ಸೀರೆ ಮಡಿಕೆಯಲ್ಲೇ ಸೀಳಿತು. ವಾಡೆಯನ್ನು ಕೆಡವಿ ಆರು ಮಹಡಿ ಎಬ್ಬಿಸಿದರು. ನಮ್ಮ ಮೂಡಣ ಕಿಟಕಿ ಇದ್ದ ಎತ್ತರದಲ್ಲಿ ಈಗ ಯಾರದೋ ಏಸಿಯ ಪೆಟ್ಟಿಗೆ ನೀರು ತೊಟ್ಟಿಕ್ಕಿಸುತ್ತದೆ. ಎಷ್ಟೋ ವರ್ಷ ನಾನು ಉಷಾ ಮೌಶಿಯನ್ನು ಅನುಮಾನಿಸಿದೆ, ಇದನ್ನು ಮುಚ್ಚಿಡುವುದಿಲ್ಲ. ಕಣ್ಣಾರೆ ಐದು ಕಂಡವಳು ನಾಲ್ಕು ಎಂದು ಯಾಕೆ ಹೇಳಬೇಕು? ತಪ್ಪಿತಸ್ಥಳೇ ಇರಬೇಕು, ಮಾತು ಬೆಳೆಯಬಾರದೆಂದು ಹೊರಟುಹೋಗಿರಬೇಕು, ಹೀಗೆಲ್ಲ ನನ್ನ ಮೌನಕ್ಕೆ ಆಸರೆ ಹುಡುಕಿಕೊಂಡೆ. ಸುಧಾಕರಣ್ಣನನ್ನೂ ಬಿಡಲಿಲ್ಲ. ಅಂಗಡಿಯ ಆ ಬುಟ್ಟಿ ನೆನಪಾದದ್ದು ಎಷ್ಟೋ ಕಾಲದ ಮೇಲೆ. ಚಿತ್ರ ಬರೆಯುವವರೆಲ್ಲ ಹೋಗುತ್ತಿದ್ದ ಅಂಗಡಿ ಅದು, ಐದೂ ಗುಂಡಿ ಇದ್ದ ಆ ಸೊಟ್ಟ ಹಾಳೆ ಯಾರ ಕೈಗಾದರೂ ಸಿಕ್ಕಿರಬಹುದು. ಈಗ ನನ್ನ ಅನುಮಾನವೆಲ್ಲ ಆ ಬುಟ್ಟಿಯ ಮೇಲೆ. ರುಜುವಾತು ಏನೂ ಇಲ್ಲ.

ಹೋದ ವರ್ಷ ಮಾಮಾ ತೀರಿಕೊಂಡ. ಅವನ ಕಬ್ಬಿಣದ ಪೆಟ್ಟಿಗೆಯಲ್ಲಿ ಆ ಫೈಲು ಸಿಕ್ಕಿತು. ಸುಧಾಕರಣ್ಣನ ಪ್ರತಿಯಲ್ಲಿ ನನ್ನ ಐದನೆಯ ಗುಂಡಿ, ಆ ಗುಂಡಿಯ ಸುತ್ತ ಕೆಂಪು ಪೆನ್ಸಿಲ್ಲಿನ ಒಂದು ಸುತ್ತು. ಮಾಮಾನಿಗೆ ಗೊತ್ತಾಗಿತ್ತು. ಯಾವಾಗ, ಆ ಸಂಜೆಯೋ, ಹತ್ತು ವರ್ಷದ ಮೇಲೋ? ಗೊತ್ತಾದ ಮೇಲೂ ಒಂದೇ ತಟ್ಟೆಯಲ್ಲಿ ನನಗೆ ಮಾವಿನಹಣ್ಣು ಹೆಚ್ಚಿ ಕೊಡುತ್ತಿದ್ದನಲ್ಲ, ಒಂದು ಮಾತು ಆಡಲಿಲ್ಲವಲ್ಲ. ಅದಾಗಿ ಕೆಲವು ತಿಂಗಳಿಗೆ ಕಚೇರಿಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಈ ಸಂತೆಯ ಚೀಟಿ ತೋರಿಸಿದಳು. ಮೇಜುಗಳ ಪಟ್ಟಿಯ ಕೊನೆಯಲ್ಲಿ ಉಷಾ ಮೌಶಿಯ ಹೆಸರಿತ್ತು.

ಸಭಾಗೃಹದ ಮೂಲೆಯ ಮೇಜಿನ ಹಿಂದೆ, ತಲೆತುಂಬ ಬಿಳಿ ಕೂದಲಿನ ಅವಳು ಪುಸ್ತಕಗಳಿಗೆ ಪಿನ್ನು ಹೊಡೆಯುತ್ತಿದ್ದಳು. ನನ್ನ ಮುಖಕ್ಕಿಂತ ಮೊದಲು ನನ್ನ ಉಗುರು ನೋಡಿದಳು. “ಸುಮಿ ಅಲ್ಲೇನ?” ಎಂದಳು. ನಾನು ಹಾಳೆ ತೆಗೆದು ಅವಳ ಮುಂದಿಟ್ಟೆ, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ.

“ಮೌಶಿ, ಈ ಗುಂಡಿ ನಾ ಬರ್ದಿದ್ದು. ಅವತ್ತ ಹೇಳಲಿಲ್ಲ.”

“ಗೊತ್ತದ. ನಿನ್ನ ಕುಂಚ ಯಾವಾಗಲೂ ಗೆರಿ ದಾಟತಿತ್ತು.”

“ಹಂಗಾದ್ರ ನಾಲ್ಕ ಅಂತ ಯಾಕ ಅಂದ್ರಿ?”

“ಐದ ಅಂದಿದ್ದರ ನಿನ್ನ ಎಬ್ಬಿಸಿ ಕೇಳತಿದ್ರು, ಆಮ್ಯಾಲ ಸುಧಾಕರನ ಕೇಳತಿದ್ರು. ಎಣಿಸಲಿಕ್ಕೆ ಕೂತವರು ಒಬ್ಬರಿಗೇ ನಿಲ್ಲಸ್ತಾರೇನು?”

ಪಕ್ಕದ ಮೇಜಿನಲ್ಲಿ ಯಾರೋ ನಗುತ್ತಿದ್ದರು. ಅವಳು ಬೆರಳಿನಿಂದ ಕೆಂಪು ಸುತ್ತಿನ ಗುಂಟ ಒಂದು ಸಲ ಬಳಸಿ ಬಂದಳು. “ಇದನ್ನ ನಾ ಮೊದಲ ನೋಡೇನಿ” ಎಂದಳು. “ಒಂದು ವರ್ಷ ಆದ ಮ್ಯಾಲ ನಮ್ಮ ಸಾಲಿ ಗೇಟಿಗೆ ಬಂದಿದ್ರು ನಿಮ್ಮ ಮಾಮಾ. ಇದ ಹಾಳಿ ಕೈಯಾಗ ಹಿಡಕೊಂಡು. ಐದ ಅದಾವ ಉಷಾ, ನಂದ ತಪ್ಪು ಅಂದ್ರು. ನಾ ಅಂದೆ, ಗೊತ್ತಾದ ಮ್ಯಾಲ ಬಂದ್ರಿ. ಗೊತ್ತಾಗೂದಕ್ಕಿಂತ ಮೊದಲ ಬರಬೇಕಾಗಿತ್ತು.”

ನನಗೆ ಅಳು ಬಂತು. ಅವಳು ಒಂದು ಪುಸ್ತಕ ತೆಗೆದು ನನ್ನ ಕೈಗಿಟ್ಟಳು. ಜೆರಾಕ್ಸಿನ ಬಿಸಿ ಅದರಲ್ಲಿ ಇನ್ನೂ ಇತ್ತು. ಮುಖಪುಟದ ಮೇಲೆ ಒಬ್ಬ ಮುದುಕಿ ಮೆಟ್ಟಿಲ ಮೇಲೆ ಕೂತು, ಮಡಿಲಿನ ತಟ್ಟೆಯಲ್ಲಿ ಶೇಂಗಾ ಸುಲಿಯುತ್ತಿದ್ದಾಳೆ. ಕೋಲು ಪಕ್ಕಕ್ಕೆ ಒರಗಿದೆ, ಮೈಮೇಲೆ ಅದೇ ಸ್ವೆಟರು. ಎಲ್ಲಿಗೆ ಹೋದರೂ ಪುಟ ಕಡಿಮೆ ಇದೆಯೇ, ಚಿಲ್ಲರೆ ಸರಿ ಇದೆಯೇ ಎಂದು ನೋಡದೆ ಹೆಜ್ಜೆ ಎತ್ತದವಳು ನಾನು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಸ್ವೆಟರಿಗೆ ಎಷ್ಟು ಗುಂಡಿ ಎಂದು ಎಣಿಸಲಿಲ್ಲ.