ಹಾಲಿಯ ಮೇಲೆ ಹೇಳಿದ ಪಾಪ

ಕಾಡ ಗೌಡರ ಮಗಳು, ಜೋಗಿ ಗೌಡರ ಹೆಂಡತಿ ಹಾಲಿ, ವಯಸ್ಸು ಇಪ್ಪತ್ತೊಂಬತ್ತು, ಕೋತಗಿರಿಯ ಕೆಳಗಿನ ಹಟ್ಟಿಯವಳು. ಅತ್ತೆ ಲಿಂಗಿ, ಒಂಬತ್ತು ವರ್ಷದ ಮಗಳು ಚಿನ್ನಿ, ಇನ್ನೂ ಹಲ್ಲು ಮೂಡದ ಗಂಡುಕೂಸು ಅವಳ ಸಂಸಾರ. ಸಾವಿರದ ಒಂಬೈನೂರ ಹದಿನೆಂಟರ ವಿಷಜ್ವರಕ್ಕೆ ಹಟ್ಟಿಯ ಬಾಗಿಲುಗಳು ಮುಚ್ಚಿಕೊಂಡಾಗ, ಸಾಮೆಯ ಗಂಜಿ ಕಾಯಿಸಿ ಮನೆಮನೆಗೆ ಹೊತ್ತವಳು ಹಾಲಿ. ಕೊನೆಗೆ ಜ್ವರ ಅವಳನ್ನೇ ಹಿಡಿಯಿತು, ಅವಳು ಏಳಲಿಲ್ಲ.

ಶವದ ಮಂಚವನ್ನು ಬಯಲಿನಲ್ಲಿ ಇಳಿಸಿ, ಪಕ್ಕದಲ್ಲಿ ಎಮ್ಮೆಯ ಕರುವೊಂದನ್ನು ನಿಲ್ಲಿಸಿದರು. ಸತ್ತವರ ಪಾಪಗಳನ್ನು ಹಿರಿಯನೊಬ್ಬ ಹೇಳಬೇಕು, ನೆರೆದವರು ‘ಪಾಪ’ ಎನ್ನಬೇಕು, ಕರು ಅವನ್ನೆಲ್ಲ ಹೊತ್ತು ಹೋಗಬೇಕು, ಇದು ಕಟ್ಟಳೆ. ಯಾರು ಸತ್ತರೂ ಹೇಳುವ ಪಾಪಗಳು ಅವೇ. ಚಿನ್ನಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

“ಗಡಿಕಲ್ಲು ಸರಿಸಿದ ಪಾಪ,” ಎಂದರು ಹಿರಿಯ ಮಾದ ಗೌಡರು.

“ಪಾಪ,” ಎಂದಿತು ಜನ.

“ಹಸಿದು ಬಂದವರಿಗೆ ಇಲ್ಲವೆಂದ ಪಾಪ.”

“ಇಲ್ಲೆ,” ಎಂದಳು ಚಿನ್ನಿ. “ಎನ್ನ ಅವ್ವೆ ಅದ ಮಾಡಿಲ್ಲೆ. ನಿಮ್ಮ ಮನೆಗೇ ಗಂಜಿ ತಂದಳಲ್ಲ, ಮಾದಜ್ಜ?”

“ಅವ್ವೆ ಹೋದ ದಿನವೇ ಇವಳಿಗೆ ನಾಲಿಗೆ ಬಂತು ನೋಡು,” ಎಂದು ಹಿಂದಿನಿಂದ ಒಬ್ಬಳು ಗೊಣಗಿದಳು.

ಲಿಂಗಿ ಮೊಮ್ಮಗಳ ರಟ್ಟೆ ಹಿಡಿದಳು. “ಹೇಳಿದ ಪಾಪವ ಕರು ಹೊರುತ್ತೆ, ಕೂಸೇ. ಹೇಳದ್ದು ಅವಳ ತಲೆ ಮೇಲೇ ಉಳಿಯುತ್ತೆ. ನಿನ್ನಿಂದ ಅವಳು ನಡುದಾರಿಯಲ್ಲಿ ನಿಲ್ಲಬೇಕಾ?”

“ಮಾಡದ ಪಾಪವ ಹೇಂಗೆ ಹೇಳಲಿ, ಹೆತ್ತೆ?” ಎಂದು ಚಿನ್ನಿ ಅಜ್ಜಿಯನ್ನು ಕೇಳಿದಳು.

“ಎಲ್ಲರಿಗೂ ಹೇಳುವುದು ಅದನ್ನೇ. ನಾಳೆ ಎನಗೂ ಅದನ್ನೇ.”

ಈ ಉತ್ತರದಿಂದ ಮಗುವಿಗೆ ಯಾವ ಸಮಾಧಾನವೂ ಆಗಲಿಲ್ಲ. ಎಲ್ಲರಿಗೂ ಅದನ್ನೇ ಹೇಳುವುದಾದರೆ, ಕೊಟ್ಟವಳಿಗೂ ಕೊಡದವಳಿಗೂ ಏನು ಅಂತರ? ‘ಪಾಪ’ ಎಂದರೆ ಅವ್ವೆಯ ಮೇಲೆ ಸುಳ್ಳು ಹೇಳಿದಂತೆ. ಎನ್ನದಿದ್ದರೆ ಅವ್ವೆಗೆ ದಾರಿಯಿಲ್ಲ. ಅವಳು ಅಪ್ಪನ ಮುಖ ನೋಡಿದಳು. ಜೋಗಿ ಗೌಡರು ನೆಲ ನೋಡುತ್ತಿದ್ದರು.

ಮಾದ ಗೌಡರು ಅದೇ ಪಾಪವನ್ನು ಮತ್ತೆ ಹೇಳಿ ಕಾದರು. ಈ ಸಲ ಜನರೂ ಚಿನ್ನಿಯ ಬಾಯನ್ನೇ ನೋಡಿದರು.

“ಪಾಪ,” ಎಂದಳು ಚಿನ್ನಿ, ಒಬ್ಬಳೇ.

ಉಳಿದ ಪಾಪಗಳೂ ಮುಗಿದ ಮೇಲೆ ಕರುವಿನ ಹಗ್ಗ ಬಿಚ್ಚಿದರು. ಅದು ಗುಡ್ಡದತ್ತ ಓಡಿತು. ಚಿನ್ನಿಯೂ ಬೆನ್ನು ಹತ್ತಿದಳು. “ಅದೊಂದು ಅವ್ವೆದಲ್ಲ, ಅದೊಂದ ಇಳಿಸು,” ಎಂದು ಬೇಡುತ್ತ ಮುಳ್ಳುಪೊದೆಗಳ ನಡುವೆ ಏರಿದಳು. ಕರು ಕಾಡು ಸೇರಿತು. ಜೋಗಿ ಗೌಡರು ಮಗಳನ್ನು ಹೊತ್ತು ತರುವಷ್ಟರಲ್ಲಿ ಚಿತೆಗೆ ಬೆಂಕಿ ಹತ್ತಿತ್ತು. ತಾಯಿಯ ಮುಖ ಅವಳಿಗೆ ಮತ್ತೆ ಕಾಣಲಿಲ್ಲ.

ಹಾಲಿ ಬಿಟ್ಟುಹೋದದ್ದು: ಎರಡು ಬಿಳಿಯ ಮುಂಡು, ತಲೆಗೆ ಕಟ್ಟುವ ವಸ್ತ್ರ, ಒಂದು ಬೆಳ್ಳಿಯ ಬಳೆ, ಕಳೆ ಕೀಳದ ಆಲೂಗಡ್ಡೆಯ ಪಾತಿ, ಗಂಡ, ಅತ್ತೆ, ಹಾಲಿಗೆ ಅಳುವ ಕೂಸು, ಮಗಳು ಚಿನ್ನಿ.