ಟ್ಯಾಂಕಿನ ಮುಚ್ಚಳದ ಗಂಧ

ಆ ಲಾರಿಯನ್ನು ನೆನೆದರೆ ಇಂದಿಗೂ ನನ್ನ ಬಲಗೈ ಮಣಿಕಟ್ಟು ನೋಯುತ್ತದೆ. ಯುದ್ಧದ ಕಾಲ. ಆದೋನಿಯ ಒಂದು ಹತ್ತಿ ಜಿನ್ನಿನಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಡ್ರೈವರನಾಗಿದ್ದೆ. ಮದ್ದಿಕೇರದ ಕಡೆಯಿಂದ ಹತ್ತಿಯ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ತುಂಬಿಕೊಂಡು ಬರುವುದು ನನ್ನ ಕೆಲಸ. ಲಾರಿ ನನಗಿಂತ ಮೊದಲೇ ಮೂವರು ಡ್ರೈವರುಗಳನ್ನು ಕಂಡದ್ದು. ಹೊಸದು ತರೋಣವೆಂದರೆ ಯುದ್ಧ ಮುಗಿಯುವ ತನಕ ಸಿಗುವಂತಿರಲಿಲ್ಲ.

ಅದರ ರೋಗ ಹೀಗಿತ್ತು. ಊರು ಬಿಡುವಾಗ ಮದುಮಗನ ಗತ್ತು. ಏಳೆಂಟು ಮೈಲಿ ಹೋದ ಮೇಲೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ನಾನು ಇಳಿದು ಮುಂದಿನ ಹ್ಯಾಂಡಲ್ ಹಾಕಿ ತಿರುಗಿಸಬೇಕು. ತಿರುಗಿಸಿದಷ್ಟೂ ತಿರುಗುತ್ತಿತ್ತು, ಉಸಿರು ಹಿಡಿಯುತ್ತಿರಲಿಲ್ಲ. ಒಮ್ಮೊಮ್ಮೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತಿತ್ತು. ಪ್ಲಗ್ಗು ಬಿಚ್ಚಿ ಒರೆಸಿದೆ, ಕಾರ್ಬೋರೇಟರ್ ಬಿಚ್ಚಿದೆ, ಪೆಟ್ರೋಲಿನ ಪೈಪು ಬಾಯಿಗಿಟ್ಟು ಊದಿ ಊದಿ ನಾಲಿಗೆ ಸುಟ್ಟುಕೊಂಡೆ. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಪೆಟ್ರೋಲು ಇದೆಯೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡುತ್ತಿದ್ದೆ. ಯುದ್ಧಕಾಲದ ರೇಷನ್ ಕೂಪನ್ನಿನ ಪೆಟ್ರೋಲು, ನಾನೇ ಅಳೆದು ಹಾಕಿದ್ದು, ಇದ್ದೇ ಇರುತ್ತಿತ್ತು. ಮತ್ತೆ ಹ್ಯಾಂಡಲ್ ಹಾಕಿದರೆ, ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಊದಿದ್ದರಿಂದ ಸರಿಹೋಯಿತು ಎಂದು ನಾನು ಮೀಸೆ ತಿರುವುತ್ತಿದ್ದೆ. ಇನ್ನು ಎಂಟು ಮೈಲಿಗೆ ಮತ್ತೆ ಅದೇ ರಾಮಾಯಣ.

ಕೆಲವು ದಿನ ನಿಲ್ಲದೆ ಹೋಗಿಬರುತ್ತಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿದ್ದುದು. ಸತ್ತರೆ ಸತ್ತಿತೆನ್ನಬಹುದು, ಹೀಗೆ ಆಟ ಆಡಿಸಿದರೆ ಏನನ್ನಬೇಕು? ಹಿಂದೆ ಬಿಟ್ಟು ಬಂದ ಎತ್ತಿನ ಬಂಡಿಗಳೆಲ್ಲ ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದವು. ಒಬ್ಬ ಬಂಡಿಯವನಂತೂ, ಎತ್ತು ಕಟ್ಟಿ ಎಳೆಯಲೇ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಅವನು ಹೋದ ಮೇಲೆ ಟೈರಿಗೆ ಒದ್ದು ಕಾಲಿನ ಹೆಬ್ಬೆರಳು ಊದಿಸಿಕೊಂಡೆ.

ಇದಕ್ಕೆ ದೃಷ್ಟಿ ತಾಗಿದೆ ಎಂದು ನನಗೆ ಅನುಮಾನವೇ ಇರಲಿಲ್ಲ. ಅಮಾವಾಸ್ಯೆಗೊಮ್ಮೆ ಮಾಡುತ್ತಿದ್ದ ಪೂಜೆಯನ್ನು ಪ್ರತಿ ಸೋಮವಾರ ಮಾಡತೊಡಗಿದೆ. ದೀಪಗಳಿಗೆ, ಸ್ಟೀರಿಂಗಿಗೆ, ಅದರ ಹೊಟ್ಟೆ ಎಂದು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ, ಗಂಧ ತೇದು ದಪ್ಪಗೆ ಮೆತ್ತಿ ಮೇಲೆ ಕುಂಕುಮ ಇಡುತ್ತಿದ್ದೆ. ಲಾರಿ ಹೆಚ್ಚು ಸಲ ನಿಂತ ವಾರ ಗಂಧವೂ ಹೆಚ್ಚು.

ಒಂದು ದಿನ ಜಿನ್ನಿನ ಸಾವ್ಕಾರರು ಕರೆಸಿದರು. ಅಂಡಿಗೆ ಹೊತ್ತಿಗೆ ಬರದೆ ಯಂತ್ರ ಖಾಲಿ ನಿಂತಿತ್ತು. ಅವರು ಕೂಗಾಡುವ ಮನುಷ್ಯರಲ್ಲ.

"ಗಾಡಿ ಬದಲಿ ಮಾಡಾಕ ಆಗಂಗಿಲ್ಲ," ಎಂದರು. "ಉಳಿದವರು ನೀನು, ಮೇಸ್ತ್ರಿ. ಇಬ್ಬರಾಗ ಒಬ್ಬರು ಹೋಗಬೇಕು. ತಪ್ಪು ಯಾರದಂತ ನೀನ ಹೇಳು."

ಮೇಸ್ತ್ರಿ ಎಂದರೆ ನನ್ನ ಉಸ್ತಾದರು. ಜಿನ್ನಿನ ಗಾಡಿಗಳೆಲ್ಲ ರಿಪೇರಿಗೆ ಹೋಗುತ್ತಿದ್ದುದು ಆ ಮುದುಕ ಸಾಬರ ಶೆಡ್ಡಿಗೆ. ಅದೇ ಅವರ ಅನ್ನ. ನನಗೆ ಗೇರು ಹಾಕುವುದನ್ನು ಕಲಿಸಿದ ಕೈ ಅದು. ಆ ಲಾರಿಯನ್ನು ಅವರು ಎಷ್ಟು ಸಲ ಬಿಚ್ಚಿ ಕಟ್ಟಿದ್ದರೋ! ಮನೆಯಲ್ಲಿ ನನಗೆ ಮೂರು ಕೂಸುಗಳು. ಒಂದು ಗಳಿಗೆಯೂ ತಡೆಯದೆ ಹೇಳಿಬಿಟ್ಟೆ.

"ಉಸ್ತಾದರ ಕಣ್ಣು ಮಬ್ಬಾಗ್ಯಾವ್ರಿ."

ಹಸಿ ಸುಳ್ಳು. ಪ್ಲಗ್ಗಿನ ಸಂದನ್ನು ಅಳತೆಪಟ್ಟಿ ಇಲ್ಲದೆ ಕಣ್ಣಿನಲ್ಲೇ ಅಳೆಯುವ ಮನುಷ್ಯ ಅವರು. ಸಾವ್ಕಾರರು, ಸರೇ, ಬಳ್ಳಾರಿಯಿಂದ ಬೇರೆ ಮೇಸ್ತ್ರಿಯನ್ನು ಕರೆಸುತ್ತೇನೆ ಎಂದರು.

ಮರುದಿನ ಸೋಮವಾರ. ಪೂಜೆ ಮಾಡಿ ಹೊರಡುವಾಗ ಉಸ್ತಾದರು ರೊಟ್ಟಿ ಗಂಟು ಹಿಡಿದು ಬಂದು ಪಕ್ಕದಲ್ಲಿ ಹತ್ತಿ ಕುಳಿತರು. ಶೆಡ್ಡಿನಲ್ಲಿ ಅದು ಒಂದು ದಿನವೂ ನಿಂತಿಲ್ಲ, ದಾರಿಯಲ್ಲಿ ಎಲ್ಲಿ ನಿಲ್ಲುತ್ತದೋ ನೋಡಿಯೇಬಿಡುತ್ತೇನೆ ಎಂದರು. ಬಳ್ಳಾರಿ ಮೇಸ್ತ್ರಿಯ ಸುದ್ದಿ ಅವರ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ದಾರಿಯುದ್ದಕ್ಕೂ ಅವರ ಮುಖ ನೋಡಲಾರದೆ ರಸ್ತೆಯನ್ನೇ ನೋಡುತ್ತ ಹೊಡೆದೆ.

ದಾರಿಯಲ್ಲಿ ಸಿಗುವ ಆಸ್ಪರಿಗೆ ಇನ್ನೂ ದೂರವಿರುವಾಗಲೇ ಕೆಮ್ಮಿ ನಿಂತಿತು. ನಾನು ಬೈದುಕೊಳ್ಳುತ್ತ ಹ್ಯಾಂಡಲ್ ತೆಗೆದುಕೊಂಡೆ. ಉಸ್ತಾದರು ತಡೆದರು. ಅವರಿಲ್ಲದಾಗ ನಾನು ಏನೇನು ಮಾಡುತ್ತೇನೋ, ಅದನ್ನೆಲ್ಲ ಅದೇ ಸಾಲಿನಲ್ಲಿ ಮಾಡಬೇಕಂತೆ. ಒಂದೊಂದಾದ ಮೇಲೂ ಹ್ಯಾಂಡಲ್ ಹಾಕಬೇಕಂತೆ. ಪ್ಲಗ್ಗು ಒರೆಸಿ ತಿರುಗಿಸಿದೆ, ಇಲ್ಲ. ಕಾರ್ಬೋರೇಟರ್ ಬಿಚ್ಚಿ ಕಟ್ಟಿ ತಿರುಗಿಸಿದೆ, ಇಲ್ಲ. ಪೈಪು ಊದಿ ತಿರುಗಿಸಿದೆ, ಇಲ್ಲ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಇನ್ನೇನು ಮಾಡುತ್ತಿದ್ದೆ ಎಂದರು. ಮತ್ತೇನಿಲ್ಲ, ಪೆಟ್ರೋಲು ನೋಡುತ್ತೇನೆ ಅಷ್ಟೆ ಎಂದು ಸೀಟಿನ ಮಗ್ಗುಲಲ್ಲಿದ್ದ ಮುಚ್ಚಳ ತಿರುಗಿಸಿದೆ. ಬುಸ್ಸೆಂದು ಗಾಳಿ ಒಳಕ್ಕೆ ಹೋಯಿತು. ಆ ಸದ್ದನ್ನು ನೂರು ಸಲ ಕೇಳಿದ್ದೆ. ಬಿಸಿಲಿಗೆ ಹಾಗಾಗುತ್ತದೆ ಎಂದುಕೊಂಡಿದ್ದೆ.

ಹ್ಯಾಂಡಲ್ ಹಾಕಿದೆ. ಸ್ಟಾರ್ಟ್ ಆಯಿತು.

ಉಸ್ತಾದರು ಮುಚ್ಚಳ ಕೊಡು ಎಂದು ಕೈ ಚಾಚಿದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಅಂಗಿಗೆ ಒರೆಸಿಕೊಂಡು, ಅಂಚನ್ನು ಮಾತ್ರ ಹಿಡಿದು ನೋಡಿದರು.

"ಇದಕ್ಕ ನಡುವ ಉಸಿರಾಡಾಕ ತೂತು ಇರತೈತಿ," ಎಂದರು. "ಮ್ಯಾಲೆ ನಿನ್ನ ಪೂಜಿ ಐತಿ. ನಾ ಉಗುರು ಹಚ್ಚಬಾರ್ದಂತ ಇಷ್ಟು ದಿನ ಮುಟ್ಟಿಲ್ಲ ಬೇಟಾ. ನೀನ ಕೆರದು ತಗಿ."

ಕೆರೆದೆ. ಒಣಗಿ ಕಲ್ಲಾಗಿದ್ದ ಹಳೆಯ ಗಂಧದ ಮೇಲೆ ಬೆಳಗಿನ ಹಸಿ ಗಂಧ. ಕೆಳಗೆ ಸೂಜಿ ಹೋಗುವಷ್ಟು ತೂತು. ನೀರಿನ ಮಣ್ಣಿನ ಹೂಜಿ, ಆ ತತ್ರಾಣಿಯ ಬಾಯಿಗೆ ಅಂಗೈ ಒತ್ತಿ ಹಿಡಿದರೆ ಕೊಳವೆಯಿಂದ ನೀರು ಬೀಳುವುದಿಲ್ಲವಲ್ಲ, ಹಾಗೆ ಪೆಟ್ರೋಲು ಇಳಿಯದೆ ನಿಲ್ಲುತ್ತಿತ್ತು. ಗಂಧ ಒಣಗಿ ಬಿರುಕು ಬಿಟ್ಟ ದಿನ ಲಾರಿ ಓಡುತ್ತಿತ್ತು. ನಾನು ಮತ್ತೆ ಸೋಮವಾರ ಭಕ್ತಿಯಿಂದ ಬಿರುಕು ಮುಚ್ಚುತ್ತಿದ್ದೆ. ರಸ್ತೆಯಲ್ಲೇ ಕೂತು ಹಣೆ ಹಣೆ ಬಡಿದುಕೊಳ್ಳಬೇಕೆನಿಸಿತು.

ಮದ್ದಿಕೇರಕ್ಕೆ ಹೋಗಿ ಬಂದೆವು. ಒಮ್ಮೆಯೂ ನಿಲ್ಲಲಿಲ್ಲ. ನೇರ ಸಾವ್ಕಾರರ ಹತ್ತಿರ ಹೋಗಿ, ತಪ್ಪು ನನ್ನದು, ಉಸ್ತಾದರ ಕಣ್ಣು ಚೆನ್ನಾಗಿವೆ ಎಂದು ಒಪ್ಪಿಕೊಂಡೆ. ಅವರು ಗಂಧದ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಇಬ್ಬರೂ ಇರಿ, ಬಳ್ಳಾರಿಯವನು ಬೇಡ ಎಂದರು. ಕಥೆ ಮುಗಿಯಿತೆಂದು ನಾನು ನೆಮ್ಮದಿಯಿಂದ ಉಂಡೆ.

ಎರಡು ವಾರ ಬಿಟ್ಟು ಗ್ರೀಸಿಗೆಂದು ಶೆಡ್ಡಿಗೆ ಹೋದರೆ ಉಸ್ತಾದರು ಕನ್ನಡಕ ಹಾಕಿಕೊಂಡಿದ್ದರು. ಸಾವ್ಕಾರರು ನಗೆಚಾಟಿಕೆಗೆ ಎಲ್ಲ ಹೇಳಿಬಿಟ್ಟಿದ್ದರು.

"ಕಣ್ಣು ಮಬ್ಬಾಗ್ಯಾವಂತ ಮೊದಲು ನನಗ ಹೇಳಬೇಕಿತ್ತು," ಎಂದರು. ಸಿಟ್ಟು ಇರಲಿಲ್ಲ.

ಸುಳ್ಳು ಹೇಳಿದೆ ಉಸ್ತಾದ್, ಹೆದರಿಕೆಗೆ ಹೇಳಿದೆ ಎಂದು ಕಾಲು ಹಿಡಿದೆ. ಅವರು ನಂಬಲಿಲ್ಲ. ಮುದುಕನ ಮನಸ್ಸಿಗೆ ನೋವಾಗಬಾರದೆಂದು ಈಗ ಹೀಗೆ ಹೇಳುತ್ತಿದ್ದೀಯ, ನನ್ನ ಕೈಕೆಳಗೆ ಬೆಳೆದವನು ನನ್ನ ಮೇಲೆ ಸುಳ್ಳು ಹೇಳುತ್ತಾನೆಯೇ ಎಂದುಬಿಟ್ಟರು.

ಅಲ್ಲಿಂದ ಮುಂದೆ ಪ್ರತಿ ಪ್ಲಗ್ಗನ್ನೂ ಹಾಕುವ ಮೊದಲು ನನ್ನ ಕೈಗೆ ಕೊಡುತ್ತಿದ್ದರು. "ನೋಡಪಾ, ಸಂದು ಸರಿ ಐತೇನು?" ನಾನು ಬೆಳಕಿಗೆ ಹಿಡಿದು ನೋಡಿ, ಸರಿ ಐತ್ರಿ ಎನ್ನುತ್ತಿದ್ದೆ. ಅದು ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು.