ಅನುಸೂಯಾಳ ಐವತ್ತೆರಡು ಸೆಕೆಂಡು

ಅನುಸೂಯಾ ಸೊಕ್ಕಿನ ಹೆಂಗಸು. ತನ್ನ ಕೆಲಸದಲ್ಲಿ ತಪ್ಪಾಗಿದೆ ಎಂದು ಆಕೆ ಒಪ್ಪಿಕೊಂಡದ್ದನ್ನು ಮಹಾರಾಷ್ಟ್ರದ ಗಡಿ ಊರಾದ ಔರಾದ ಶಹಾಜನಿಯಲ್ಲಿ ಯಾರೂ ಕೇಳಿರಲಿಲ್ಲ. ಗಿರಾಕಿ ತಪ್ಪು, ಕರೆಂಟು ತಪ್ಪು, ಪ್ರೊಜೆಕ್ಟರ್ ತಪ್ಪು. ಆಕೆ ಮಾತ್ರ ಸರಿ. ಸಿಟ್ಟು ಬರಿಸುವ ಸಂಗತಿಯೆಂದರೆ, ಹೆಚ್ಚಿನ ಸಲ ಆಕೆ ಸರಿಯೇ ಇರುತ್ತಾಳೆ.

ಭಾಲ್ಕಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಬಸ್ ನಿಲ್ದಾಣದ ಎದುರು ಅವರದೊಂದು ಝೆರಾಕ್ಸ್ ಅಂಗಡಿ ಇದೆ. ಗಂಡ ಪ್ರತಿ ತೆಗೆಯುತ್ತಾನೆ. ಕಂಪ್ಯೂಟರಿಗೆ ಕೈ ಹಚ್ಚಲು ಅವನಿಗೂ ಪರವಾನಗಿ ಇಲ್ಲ. ಸುತ್ತಲಿನ ಮಾಸ್ತರರು, ಬಚತ ಗಟ ಎನ್ನುವ ಉಳಿತಾಯ ಸಂಘದ ಹೆಂಗಸರು, ಬೀಜದ ಏಜೆಂಟರು ಸಭೆಗೆ ಬೇಕಾದ ಸ್ಲೈಡುಗಳನ್ನು ಆಕೆಯಿಂದಲೇ ಮಾಡಿಸುತ್ತಾರೆ, ಬೈಸಿಕೊಳ್ಳುತ್ತಾರೆ. ಒಮ್ಮೆ ಒಬ್ಬ ಮಾಸ್ತರರು ಉದಗೀರದ ತರಬೇತಿಯಲ್ಲಿ ಮುಖಭಂಗ ಮಾಡಿಕೊಂಡು ಬಂದರು. ವಿಡಿಯೊ ಇರಬೇಕಾದಲ್ಲಿ ಕರಿ ಚೌಕ ಕಂಡಿತ್ತು. ತಾವೇ ತಯಾರಿಸಿದ ಸ್ಲೈಡುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದರು; ವಿಡಿಯೊ ಮನೆಯ ಕಂಪ್ಯೂಟರಿನಲ್ಲೇ ಉಳಿದಿತ್ತು.

“ಗುರೂಜಿ, ತೊಟ್ಲಾ ಹೊತ್ಕೊಂಡು ಹೋಗೀರಿ, ಕೂಸಿನ್ನ ಮನ್ಯಾಗ ಬಿಟ್ಟೀರಿ,” ಅಂದಳು ಅನುಸೂಯಾ. “ವಿಡಿಯೊ ಫೈಲಿನ ಹೊಟ್ಟ್ಯಾಗೇ ಕೂಡಬೇಕು. ಹೊರಗ ಇಟ್ಟು ಬರೇ ಜೋಡ್ಸಿದ್ರ ಉದಗೀರಕ್ಕ ಹ್ಯಾಂಗ ಬರ್ತದ, ಬಸ್ ಹಿಡ್ದು ಬರ್ತದೇನು?”

ಹೋದ ಡಿಸೆಂಬರಿನಲ್ಲಿ ಕುರಿಗಾರ ವೈಜಿನಾಥ ಆಕೆಯ ಅಂಗಡಿಗೆ ಬಂದ. ಅವನ ಹಿಂಡು ಹಳ್ಳದ ನೀರಿಗೆ ಹೋಗುವ ದಾರಿಗೆ ಅಡ್ಡವಾಗಿ ಹೊಲದ ಮಾಲೀಕನೊಬ್ಬ ಸಿಮೆಂಟಿನ ಕಂಬ ನೆಟ್ಟು, ತಂತಿ ಎಳೆಯಲು ಸಿದ್ಧನಾಗಿದ್ದ. ಈ ದಾರಿಯಲ್ಲಿ ಈಗ ಯಾವ ಹಿಂಡೂ ಹೋಗುವುದಿಲ್ಲ ಎಂಬುದು ಅವನ ವಾದ. ತಕರಾರು ಕೇಳಲು ತಾಲೂಕು ಊರು ನಿಲಂಗಾದಲ್ಲಿ ಅಧಿಕಾರಿಯೊಬ್ಬರು ಸಭೆ ಕರೆದಿದ್ದರು. ದಾರಿ ಮುಚ್ಚಿಹೋದರೆ ವೈಜಿನಾಥನಿಗೆ ಕುರಿ ಮಾರುವುದೊಂದೇ ಉಳಿದಿತ್ತು. ಮರಾಠಿಯಲ್ಲಿ ಅರ್ಜಿ ಬರೆದುಕೊಟ್ಟವಳು ನಾನು, ಅದೇ ಅಂಗಡಿಯ ಮೂಲೆಯಲ್ಲಿ ಅರ್ಜಿ ಬರೆಯಲು ಕೂರುವವಳು. ಫೋಟೊ ಕೊಟ್ಟರೆ ಹತ್ತು ವರ್ಷದ ಹಿಂದಿನದು ಎಂದಾರು ಎಂದು, ಅವನ ಸೊಸೆ ಕಾಜಲ ಫೋನಿನಲ್ಲಿ ವಿಡಿಯೊ ತೆಗೆದಿದ್ದಳು. ಹಿಂಡು ಹೊಸ ಕಂಬಗಳ ನಡುವೆ ಹಾದು ಹಳ್ಳಕ್ಕೆ ಇಳಿಯುವುದು ಅದರಲ್ಲಿ ಸ್ಪಷ್ಟವಾಗಿತ್ತು.

ಕಾಜಲ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಅನುಸೂಯಾ ಮುಟ್ಟಲಿಲ್ಲ. “ವಾಟ್ಸಾಪು ಹಿಂಡಿ ಸಣ್ಣ ಮಾಡಿ ಕಳಿಸ್ಯದ. ಕುರಿ ಯಾವುದು, ಕಲ್ಲು ಯಾವುದು? ಫೋನೇ ತಗೊಂಡ್ ಬಾ.” ವೈರು ಹಚ್ಚಿ ಮೂಲ ವಿಡಿಯೊ ಇಳಿಸಿಕೊಂಡಳು. ಏಳು ನಿಮಿಷದ್ದರಲ್ಲಿ ತಲೆ, ಬಾಲ ಕತ್ತರಿಸಿ ಐವತ್ತೆರಡು ಸೆಕೆಂಡು ಉಳಿಸಿದಳು. ನಡುವೆ ಕತ್ತರಿ ಹಾಕಲಿಲ್ಲ. ಹಾಕಿದ್ದರೆ ಎರಡು ದಿನದ್ದು ಜೋಡಿಸಿದ್ದಾರೆ ಎನ್ನುತ್ತಿದ್ದರು. ಹಳೆಯ ಕಂಪ್ಯೂಟರೂ ಎಳೆಯುವಷ್ಟಕ್ಕೆ ಫೈಲಿನ ತೂಕ ಇಳಿಸಿ, ಸ್ಲೈಡಿನ ಒಳಗೇ ಕೂರಿಸಿ, ಪುಟ ಬಂದ ಕೂಡಲೇ ತಾನೇ ಓಡುವಂತೆ ಮಾಡಿದಳು. ಜನರ ಮುಂದೆ ನಿಂತು ಮೌಸಿನ ಬಾಣ ಹುಡುಕುವವರನ್ನು ಕಂಡರೆ ಆಕೆಗೆ ಮೈ ಉರಿಯುತ್ತದೆ.

ಪೆನ್‌ಡ್ರೈವ್ ಹಿಡಿದು ಆಕೆಯೂ ನಮ್ಮ ಜೊತೆ ನಿಲಂಗಾಕ್ಕೆ ಬಂದಳು. ಸಭೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ, ಪಂಡಿತ ಎಂಬ ಹೆಸರಿನವನು ಅಡ್ಡ ಬಂದ.

“ಅನುಸೂಯಾಬಾಯಿ, ವಿಡಿಯೊ ನಕೋ. ಮುಂಜಾನಿಂದ ಮೂರು ಮಂದಿದು ಹ್ಯಾಂಗ್ ಆಗ್ಯಾವ. ಫೋಟೊ ತೋರ್ಸ್ರಿ.”

“ಆಗಿದ್ದು ಅವರ್ದು. ಇದು ನಂದು.”

“ಸಾಹೇಬ್ರು ಸಿಟ್ಟಾಗ್ತಾರ.”

“ಆಗ್ಲಿ. ನೋಡಿ ಆಗ್ಲಿ.”

ಅವನ ಕುರ್ಚಿಯನ್ನೇ ಎಳೆದುಕೊಂಡು ಕೂತಳು. ಪಕ್ಕದಲ್ಲಿ ನಾನಿದ್ದೆ. ವಿಡಿಯೊ ಎಲ್ಲಿಯೂ ತಡವರಿಸಲಿಲ್ಲ. ಗಂಟೆ ಕಟ್ಟಿದ ಮುಂದಾಳು ಕುರಿ, ಧೂಳು, ಕಂಬಗಳ ನಡುವೆ ನುಗ್ಗುವ ಹಿಂಡು, ಹಿಂದೆ ಕಂಬಳಿ ಹೊದ್ದ ವೈಜಿನಾಥ. ಹೊಲದ ಮಾಲೀಕ ಕಿಟಕಿಯ ಕಡೆ ನೋಡತೊಡಗಿದ. ದಾರಿ ಚಾಲ್ತಿಯಲ್ಲಿದೆ, ತಂತಿ ಎಳೆಯಕೂಡದು ಎಂದು ಅಧಿಕಾರಿ ಬರೆಸಿದರು. ಅಷ್ಟಕ್ಕೆ ಮುಗಿಯಬೇಕಿತ್ತು.

“ಕುರಿ ಎಷ್ಟು?” ಅಧಿಕಾರಿ ಕೇಳಿದರು. ಫಾರ್ಮಿನಲ್ಲಿ ತುಂಬಬೇಕಾದ ಒಂದು ಖಾನೆ ಉಳಿದಿತ್ತು.

“ಬೀರಪ್ಪ ಕೊಟ್ಟಷ್ಟು ಅವ ರೀ,” ಅಂದ ವೈಜಿನಾಥ, ತನ್ನ ಮನೆದೇವರ ಹೆಸರು ಹಿಡಿದು.

“ಬೀರಪ್ಪನ ಫೋನ್ ನಂಬರ್ ಅದೇನೋ, ಕೇಳಾಕ?” ಅಂದ ಪಂಡಿತ. ಎಲ್ಲರೂ ನಕ್ಕರು. ವೈಜಿನಾಥ ನಗಲಿಲ್ಲ. ಅವರ ಮನೆತನದಲ್ಲಿ ಹಿಂಡಿನ ತಲೆ ಎಣಿಸುವುದಿಲ್ಲ, ಬೇರೆಯವರು ಎಣಿಸಲು ಬಿಡುವುದಿಲ್ಲ. ಎಣಿಸಿದ ಹಿಂಡು ಸವೆಯುತ್ತದೆ ಎಂದು ನಂಬಿದವರು.

“ಹೋಗ್ಲಿ, ವಿಡಿಯೊ ಹಚ್ಚಿ ನಡುವ ನಿಲ್ಲಸ್ರಿ. ನಾನೇ ಎಣಸ್ತೀನಿ,” ಎಂದು ಪಂಡಿತ ಕೋಲು ಹಿಡಿದು ಪರದೆಯ ಹತ್ತಿರ ಹೋದ. ಅಧಿಕಾರಿ ತಲೆಯಾಡಿಸಿದರು. ಅನುಸೂಯಾ ನಿಲ್ಲಿಸಿಕೊಟ್ಟಳು. ಇಂಥ ನಂಬಿಕೆಗಳನ್ನು ಆಕೆ ಎದುರಿಗೇ ಹೀಯಾಳಿಸುವವಳು.

“ಏಕ, ದೋನ, ತೀನ…”

ವೈಜಿನಾಥ ಎದ್ದು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅನುಸೂಯಾ ಅವನ ಕಡೆ ತಿರುಗಲಿಲ್ಲ. ಕಿರುಬೆರಳಿನಿಂದ ಕೀಬೋರ್ಡಿನ ಒಂದು ಕೀಲಿ ಒತ್ತಿದಳು. ಪರದೆ ಕಪ್ಪಾಯಿತು.

“ಹ್ಯಾಂಗ್!” ಪಂಡಿತ ಕುಣಿದಂತೆ ತಿರುಗಿದ. “ಹೇಳಿದ್ನಿಲ್ಲ ನಾ? ಭಾಳ ದೊಡ್ಡ ಮಾತಾಡಿದ್ರಲ್ಲ, ಬಾಯಿ!”

ಸಭೆ ಮತ್ತೆ ನಕ್ಕಿತು. ಅದೇ ಕೀಲಿಯನ್ನು ಇನ್ನೊಮ್ಮೆ ಒತ್ತಿದರೆ ಚಿತ್ರ ಮರಳುತ್ತದೆ. ಆಕೆ ಒತ್ತಲಿಲ್ಲ. ಅಧಿಕಾರಿ ಬೇಸತ್ತು ಖಾನೆಯಲ್ಲಿ ‘ದೊಡ್ಡ ಹಿಂಡು’ ಎಂದು ಬರೆದು ಸಹಿ ಹಾಕಿದರು.

“ಹೌದರೀ. ಫೈಲ್ ಮಾಡೂದ್ರಾಗ ನಂದೇ ತಪ್ಪಾಗ್ಯದ,” ಅಂದಳು ಅನುಸೂಯಾ. ಪಂಡಿತ ಮೇಜಿನ ಹತ್ತಿರ ಬರುವುದರೊಳಗೆ ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿಕೊಂಡಳು.